ಫರ್ಗಸ್‌ನ ಕಡೆಯ ಗುಡ್ಡ

ಡನ್ ರಿಗ್ ಗುಡ್ಡದ ಬುಡದಲ್ಲೇ ಕುರಿ ಸಾಕುವವನು ಗೇಟು ತೆರೆಯುತ್ತಾ, "ಅಲ್ಲೇನಿದೆ ಅಂತ ಹೋಗ್ತೀರಿ?" ಎಂದು ಕೇಳಿದ. ಇಶ್‌ಬೆಲ್‌ಗೆ ಅವನನ್ನು ಅಪ್ಪಿಕೊಳ್ಳುವಷ್ಟು ಖುಷಿಯಾಯಿತು. ಮದುವೆಯಾದಾಗಿನಿಂದ ಅವಳು ಕೇಳುತ್ತಿದ್ದುದೂ ಅದನ್ನೇ.

ಅವಳ ಗಂಡ ಫರ್ಗಸ್‌ಗೆ ಸ್ಕಾಟ್ಲೆಂಡಿನ ಹೆಸರಾಂತ ಬೆಟ್ಟಗಳು ಸಾಲವು. ಯಾರೂ ಮೂಸಿ ನೋಡದ ಗುಡ್ಡಗಳನ್ನೆಲ್ಲ ಹತ್ತಿ ಮುಗಿಸಬೇಕು. ಉಳಿದದ್ದು ಇದೊಂದೇ. ಇದಾದರೆ ಶನಿವಾರಗಳು ತನ್ನವು ಎಂಬ ಆಸೆಯಿಂದ ಅವಳು ಮಂಡಿನೋವು ನುಂಗಿಕೊಂಡು ಬಂದಿದ್ದಳು. ದಾರಿ ಎಂಬುದೇ ಇಲ್ಲ. ಸ್ಪ್ರೂಸ್ ಮರಗಳ ಕೊಂಬೆಗಳು ಮುಖಕ್ಕೆ ಬಾರಿಸಿದವು, ನುಸಿಗಳು ಕಿವಿಯೊಳಗೇ ಸಂಸಾರ ಹೂಡಿದವು.

"ಇನ್ನೇನು ಬಂತು ಕಣೇ."

"ಬೆಳಿಗ್ಗೆಯಿಂದ ಬರ್ತಾನೇ ಇದೆ."

ಮೇಲೆ, ಮಂಜಿನಲ್ಲಿ, ಭೂಮಿ ಅಳತೆಯವರು ನೆಟ್ಟ ಸಿಮೆಂಟಿನ ಕಂಬ ಸಿಕ್ಕಿತು. ಫರ್ಗಸ್ ಅದನ್ನು ಮುಟ್ಟಿ, ಕಡೆಯ ಗುಡ್ಡಕ್ಕೆಂದು ವಾಡಿಕೆಯಂತೆ ತಂದಿದ್ದ ವಿಸ್ಕಿಯನ್ನು ಇಬ್ಬರ ಲೋಟಗಳಿಗೂ ಸುರಿದ. ಅಷ್ಟರಲ್ಲಿ ಗಾಳಿ ಬೀಸಿ ಮಂಜು ಸರಿಯಿತು. ಕೆಸರಿನಾಚೆ ಒಂದು ದಿಬ್ಬ, ಕಂಬವಿದ್ದ ಜಾಗಕ್ಕಿಂತ ಎತ್ತರ.

ಈ ಗುಡ್ಡದ ಹುಚ್ಚಿನವರಲ್ಲಿ ಎಲ್ಲಕ್ಕಿಂತ ಎತ್ತರದ ನೆಲದ ಮೇಲೆ ಕಾಲಿಟ್ಟರಷ್ಟೇ ಹತ್ತಿದ ಲೆಕ್ಕ. ಕಂಬ ಮುಟ್ಟಿ ಮರಳಿದವನು ಹತ್ತಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಇಶ್‌ಬೆಲ್ ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಫರ್ಗಸ್ ದಿಬ್ಬಕ್ಕೆ ಬೆನ್ನು ಹಾಕಿ ಕೂತು, ಅವಸರದಿಂದ ಚೀಲ ಕಟ್ಟುತ್ತಿದ್ದ.

"ಅದು ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಮತ್ತೆ?"

"ಮನೆಗೆ ಹೋದ್ಮೇಲೆ, ಅಯ್ಯೋ ತಪ್ಪಾಯ್ತು, ಇನ್ನೊಂದ್ಸಲ ಹೋಗ್ಬೇಕು ಅನ್ನೋಣ ಅಂತಿದ್ದೆ."

"ಈ ಕೆಸರಿಗೆ ನನ್ನ ಇನ್ನೊಂದ್ಸಲ ತರೋದಿತ್ತಾ? ಯಾಕೆ ಮಾರಾಯ? ನಾನೇನು ಪಾಪ ಮಾಡಿದ್ದೆ?"

ಫರ್ಗಸ್ ಚೀಲ ಬಿಟ್ಟು ಲೋಟ ಎತ್ತಿಕೊಂಡ. "ಇದು ಮುಗಿದ್ರೆ ನೀನು ನನ್ನ ಜೊತೆ ಎಲ್ಲಿಗೂ ಬರಲ್ಲ. ಬೈಯೋಕೂ ಬರಲ್ಲ."

ಇಶ್‌ಬೆಲ್‌ಗೆ ಎದೆ ಚುರುಕ್ ಎಂದಿತು, ಅದರಿಂದ ಸಿಟ್ಟು ಇನ್ನೂ ಏರಿತು. ಬಾಯಿಬಿಟ್ಟು ಒಂದು ಮಾತು ಕೇಳಲಾರದೆ ಇಷ್ಟು ಗುಡ್ಡ ಹತ್ತಿಸಿದನಲ್ಲ ಈ ಮನುಷ್ಯ! ಅವಳು ಅವನ ಕಾಲರ್ ಹಿಡಿದು ಎಬ್ಬಿಸಿದಳು.

"ಏಳು. ಇವತ್ತೇ ಮುಗಿಸು. ಮುಂದಿನ ಶನಿವಾರ ನಾನು ಕರೆದಲ್ಲಿಗೆ ನೀನು ಬರ್ತೀಯ. ದಾರಿಯುದ್ದಕ್ಕೂ ಬೈಕೊಂಡೇ ಬಾ, ಬೇಡ ಅನ್ನಲ್ಲ."

"ಎಲ್ಲಿಗೆ?"

ಅವಳು ಆಗಲೇ ಮೊಣಕಾಲುದ್ದ ಕೆಸರಿನಲ್ಲಿದ್ದಳು.

"ಎಲ್ಲಿಗಾದ್ರೂ. ಮಟ್ಟಸವಾಗಿರೋ ಜಾಗಕ್ಕೆ!"