ಕೊಂಬಿನ ಜೀನು

ನಾನು ಒಂದು ಕುದುರೆ ಜೀನು. ಮುಂದೆ ಕೊಂಬು, ಹಿಂದೆ ಒರಗಲು ಏರು, ಅಕ್ಕಪಕ್ಕ ಹೂಬಳ್ಳಿ ಕೆತ್ತಿದ ಅಗಲವಾದ ಚರ್ಮ. ಹುಟ್ಟಿದ ಗಳಿಗೆ ನನಗೆ ಸರಿಯಾಗಿ ನೆನಪಿಲ್ಲ. ನೆನೆದ ಚರ್ಮದ ವಾಸನೆ, ಮರದ ಚೌಕಟ್ಟಿನ ಮೇಲೆ ನನ್ನನ್ನು ಎಳೆದು ಬಿಗಿದ ಬೆರಳುಗಳು, ಸುತ್ತಿಗೆಯ ಸದ್ದು, ಪಕ್ಕೆಯ ಮೇಲೆ ಬಿದ್ದ ಗುಂಡಗಿನ ಮುದ್ರೆ. ಇಷ್ಟೇ, ಅದೂ ನಿದ್ದೆಗಣ್ಣಿನಲ್ಲಿ ಕಂಡ ಹಾಗೆ. ಆಮೇಲಿನದೆಲ್ಲ ಬೇರೆಯವರು ಹೇಳಿದ್ದು.

ಹೇಳಿದವರು ಸಿನಿಮಾದವರು. ಅಗಲ ಟೋಪಿ ಹಾಕಿ ಕುದುರೆ ಓಡಿಸುವ ನಾಯಕನ ಚಿತ್ರಕ್ಕೆ ನನ್ನನ್ನು ತಂದು, "ಅಮೆರಿಕದ ಮಾಲು, ಹಡಗಲ್ಲಿ ಬಂದಿದ್ದು" ಎಂದು ಎಲ್ಲರಿಗೂ ಸಾರಿದರು. ಹೊಗಳಿಕೆ ಯಾರಿಗೆ ಬೇಡ? ನಾನೂ ನಂಬಿದೆ. ನೋಡದ ದೇಶದ ಹುಲ್ಲುಗಾವಲು ನನ್ನ ಕನಸಿಗೆ ಬರತೊಡಗಿತು. ತುದಿಯಿಲ್ಲದ ಹುಲ್ಲು ಗಾಳಿಗೆ ಬಾಗಿ ಏಳುತ್ತಿತ್ತು. ಅದರ ನಡುವೆ ಸವಾರನಿಲ್ಲದ ಕುದುರೆಯ ಮೇಲೆ ನಾನೊಂದೇ ತೇಲಿಹೋಗುತ್ತಿದ್ದೆ.

ಆ ನಾಯಕನಿಗೆ ಕುದುರೆ ಎಂದರೆ ಎದೆ ಪುಕಪುಕ. ಚಿತ್ರೀಕರಣ ಮುಗಿಯುವವರೆಗೂ ನನ್ನ ಕೊಂಬನ್ನು ಬಿಡುತ್ತಿರಲಿಲ್ಲ. ಒಮ್ಮೆ ಹೊಳೆದಂಡೆಯಲ್ಲಿ ಅವನ ಬದಲಿಗೆ ಓಡಿಸುತ್ತಿದ್ದವನ ಕುದುರೆ ಮುಗ್ಗರಿಸಿ, ನನ್ನ ಮೇಲೇ ಉರುಳಿತು. ಟಕ್ ಎಂದು ಏನೋ ಮುರಿದ ಸದ್ದು. ಕೆಳಗಿದ್ದ ಒಣಕೊಂಬೆಯೋ, ನನ್ನೊಳಗಿನ ಮರವೋ? ಕುದುರೆಗೂ ಸವಾರನಿಗೂ ಏನೂ ಆಗಿಲ್ಲವೆಂದು ಎಲ್ಲರೂ ಸಮಾಧಾನಪಟ್ಟರು. ನನ್ನನ್ನು ಯಾರು ವಿಚಾರಿಸುತ್ತಾರೆ? ಒಳಮರ ಮುರಿದ ಜೀನು ಕುದುರೆಯ ಬೆನ್ನನ್ನು ಹುಣ್ಣು ಮಾಡುತ್ತದೆ, ಸವಾರನನ್ನು ಕೆಡವುತ್ತದೆ. ಅಂದಿನಿಂದ ಆ ಅನುಮಾನ ನನ್ನೊಳಗೇ ಉಳಿಯಿತು.

ಬಳಿಕ ನಾನು ಮೈಸೂರಿನಲ್ಲಿ ಸಿನಿಮಾ ಸಾಮಾನು ಬಾಡಿಗೆಗೆ ಕೊಡುವ ಮುನಿಕೃಷ್ಣಪ್ಪನ ಗೋದಾಮು ಸೇರಿದೆ. ರಟ್ಟಿನ ಸಿಂಹಾಸನ, ತಗಡಿನ ಕತ್ತಿಗಳ ನಡುವೆ ವರ್ಷಗಳು ತೂಕಡಿಸಿದವು. ಆಯುಧಪೂಜೆ ಬಂದಾಗ ಮಾತ್ರ ಎಚ್ಚರ. ಮುನಿಕೃಷ್ಣಪ್ಪ ಭಕ್ತಿಯಿಂದ ನನಗೆ ಕೊಬ್ಬರಿ ಎಣ್ಣೆ ಬಳಿದು, ಪಕ್ಕೆಯ ಮುದ್ರೆಗೆ ಗಂಧ ಮೆತ್ತಿ ಕುಂಕುಮ ಇಡುತ್ತಿದ್ದ. ಅವನ ಕಣ್ಣಿಗೆ ಅದೇ ನನ್ನ ಹಣೆ. ವರ್ಷದ ಮೇಲೆ ವರ್ಷ ಕುಂಕುಮ ಕೂತು ಮುದ್ರೆ ಮುಚ್ಚಿಹೋಯಿತು.

ಒಂದು ದಿನ ಪುಟ್ಟರಾಜೇ ಅರಸರು ಹೆಂಡತಿ ಲೀಲಾಜಮ್ಮಣ್ಣಿಯ ಭುಜ ಹಿಡಿದುಕೊಂಡು ಬಂದರು. ಊರಿಗೆಲ್ಲ ಸವಾರಿ ಕಲಿಸಿದವರು. ಕುದುರೆಯ ಮೇಲೆ ಶಿಷ್ಯರು ಏನನ್ನಾದರೂ ಹಿಡಿದುಕೊಂಡರೆ "ಬಸ್ಸಲ್ಲಿ ನಿಂತಿದೀಯೇನೋ?" ಎಂದು ಬೈಯುತ್ತಿದ್ದವರು. ಈಗ ಲಕ್ವ ಹೊಡೆದು ಎಡಗೈ ಸ್ಪರ್ಶಜ್ಞಾನವಿಲ್ಲದೆ ಜೋತುಬಿದ್ದಿತ್ತು. ಸಾಯುವುದರೊಳಗೆ ಇನ್ನೊಮ್ಮೆ ಕುದುರೆ ಹತ್ತಬೇಕು, ಅದೊಂದೇ ಹಟ. ಅಮ್ಮಣ್ಣಿ ಕಡ್ಡಿ ಮುರಿದಂತೆ ಹೇಳಿದ್ದರು: "ಹಿಡ್ಕೊಳ್ಳೋಕೆ ಕೊಂಬಿರೋ ಜೀನು ಸಿಕ್ಕಿದ್ರೆ ಹತ್ತಿ. ಇಲ್ದಿದ್ರೆ ಲಾಯದ ಕಡೆ ತಲೆ ಹಾಕಿ ಮಲಗೋದೂ ಬೇಡ."

"ಅಮೆರಿಕದ್ದು ಸಾರ್" ಎಂದ ಮುನಿಕೃಷ್ಣಪ್ಪ.

ಅರಸರು ಬಗ್ಗಿ ನನ್ನನ್ನು ಮೂಸಿದರು. "ಕೊಬ್ಬರಿ ಎಣ್ಣೆ! ಜಡೆ ಹಾಕೋದಕ್ಕಾ?" ಮಾತು ತೊದಲಿದರೂ ಅದರ ಮೊನೆ ಹೋಗಿರಲಿಲ್ಲ.

ಅವರ ಕೈ ಸಾಗದು. ಹಾಗಾಗಿ ಅವರು ಹೇಳಿದಂತೆ ಅಮ್ಮಣ್ಣಿಯೇ ನೋಡತೊಡಗಿದರು. ಸವಾರನ ಹೆಂಡತಿಯಾದರೂ ಆಕೆ ಅದುವರೆಗೆ ಜೀನು ಮುಟ್ಟಿದವರಲ್ಲ. ಕಾಲಿಡುವ ರಿಕಾಬಿನ ಪಟ್ಟಿ ಮಡಚಿದರೆ ಬಿರುಕುಬಿಟ್ಟಿತು. "ಅದು ಹೋಗ್ಲಿ, ಹೊಸದು ಹಾಕಿಸೋಣ. ಹೊಲಿಗೆ ನೋಡು" ಎಂದರು ಅರಸರು. ಹೊಲಿಗೆ ಒತ್ತಾಗಿತ್ತು. ತಳದ ಕುರಿಯುಣ್ಣೆ ಸವೆದಿದ್ದರೂ ಎರಡೂ ಕಡೆ ಸಮನಾಗಿ ಸವೆದಿತ್ತು. ಪಕ್ಕೆಯ ಕುಂಕುಮವನ್ನು ಸೆರಗಿನ ಒದ್ದೆ ತುದಿಯಿಂದ ಉಜ್ಜಿದಾಗ ಮುದ್ರೆ ಕಣ್ಣುಬಿಟ್ಟಿತು.

"ಕಾನ್ಪುರ ಅಂತಿದೆ" ಎಂದರು ಅಮ್ಮಣ್ಣಿ.

ಮುನಿಕೃಷ್ಣಪ್ಪ ಪೆಚ್ಚಾದ. ನನಗಂತೂ ಹುಲ್ಲುಗಾವಲೆಲ್ಲ ಒಂದೇ ಸಲ ಒಣಗಿಹೋದಂತಾಯಿತು. ಅರಸರು ನಕ್ಕುಬಿಟ್ಟರು. "ಹೆಣ್ಣು ಕೊಡ್ತಿದೀವಾ ಊರು ಕೇಳೋಕೆ? ಮಾಡಿದೋನ ಕೈ ಚೆನ್ನಾಗಿದೆ. ಒಳಗಿನ ಮರ ನೋಡು ಲೀಲಾ. ಅದು ಮುರಿದಿದ್ರೆ ಮನೆಗೆ ಹೋಗೋಣ."

ಅಮ್ಮಣ್ಣಿ ನನ್ನ ಕೊಂಬನ್ನು ಹೊಟ್ಟೆಗೆ ಆನಿಸಿಕೊಂಡು, ಹಿಂದಿನ ಏರನ್ನು ಎರಡು ಕೈಯಿಂದ ತಮ್ಮತ್ತ ಎಳೆದರು. ಮುರಿದಿದ್ದರೆ ನಾನು ನಡುವೆ ಬಾಗಬೇಕು. ನನಗೆ ಭಯವಾಯಿತು. ಆಕೆಗೂ ಭಯವೇ. ಬಾಗಲಿ ಎಂಬ ಆಸೆಯೂ ಬಾಗದಿರಲಿ ಎಂಬ ಆಸೆಯೂ ಆ ಎಳೆತದಲ್ಲಿತ್ತು. "ಇನ್ನೊಂದ್ಸಲ" ಎಂದರು ಅರಸರು. ಚರ್ಮ ಕಿರ್ ಎಂದಿತು. ಮರ ಜಪ್ಪಯ್ಯ ಎಂದರೂ ಬಾಗಲಿಲ್ಲ. ಗಂಡನನ್ನು ನೆಲದ ಮೇಲೇ ಉಳಿಸಿಕೊಳ್ಳಲು ಒಂದು ಸುಳ್ಳು ಸಾಕಿತ್ತು.

"ಗಟ್ಟಿಯಾಗಿದೆ" ಎಂದರು ಅಮ್ಮಣ್ಣಿ.

ಹೊಸ ಪಟ್ಟಿ ಬಂತು. ಅರಸರ ಗಿಡ್ಡ ಹೆಣ್ಣುಕುದುರೆಯ ಬೆನ್ನಿಗೆ ನನ್ನನ್ನು ಬಿಗಿದರು. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಹಳೆಯ ಶಿಷ್ಯರಿಬ್ಬರು ಗುರುಗಳನ್ನು ಎತ್ತಿ ಕೂರಿಸಿದರು. ಅರಸರು ಬಲಗೈಯಲ್ಲಿ ಲಗಾಮನ್ನು ತಾವೇ ಹಿಡಿದರು, ಬೇರೆಯವರಿಗೆ ಕೊಡಲಿಲ್ಲ. ಎಡಗಡೆ ನಿಂತ ಅಮ್ಮಣ್ಣಿ ತೋಳೆತ್ತಿ, ಆ ಎಡಗೈಯ ಬೆರಳುಗಳನ್ನು ಒಂದೊಂದಾಗಿ ನನ್ನ ಕೊಂಬಿನ ಸುತ್ತ ಮಡಿಸಿ, ಮೇಲೆ ತಮ್ಮ ಕೈ ಇಟ್ಟರು. ಕುದುರೆ ಹೆಜ್ಜೆ ಹಾಕಿತು. ಮಂಜಿನಲ್ಲಿ ನೆಲ ಕಾಣುತ್ತಿರಲಿಲ್ಲ. ನಾವೆಲ್ಲ ಮೆಲ್ಲಗೆ ತೇಲುತ್ತಿದ್ದೆವು.

ಸವಾರ ಕೈ ನೋಡಬಾರದು, ದಾರಿ ನೋಡಬೇಕು ಎಂಬುದು ಅವರೇ ಕಲಿಸಿದ ಪಾಠ. ಬೆನ್ನು ನೆಟ್ಟಗೆ ಮಾಡಿ, ಎದುರಿಗೇ ನೋಡುತ್ತ ಕೇಳಿದರು.

"ಲೀಲಾ, ಎಡಗೈ ಹಿಡ್ಕೊಂಡಿದೆಯಾ?"

"ಹಿಡ್ಕೊಂಡಿದೆ. ಗಟ್ಟಿಯಾಗೇ ಹಿಡ್ಕೊಂಡಿದೆ."

"ಹಾಗಾದ್ರೆ ನೀನು ಬಿಡು."

"ಬಿಟ್ಟಾಯ್ತು" ಎಂದರು ಅಮ್ಮಣ್ಣಿ.

ಈಗ ನಾನು ಲಾಯದ ಮೂಲೆಯಲ್ಲಿದ್ದೇನೆ. ಕುದುರೆಯೂ ಇಲ್ಲ, ಅರಸರೂ ಇಲ್ಲ. ಯಾರ ಆಸರೆಯೂ ಇಲ್ಲದೆ ಮೈದಾನ ಸುತ್ತಿಬಂದೆ ಎಂದು ಅವರು ಕೊನೆಯವರೆಗೂ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಆ ಬೆರಳುಗಳಲ್ಲಿ ಹಿಡಿತವೇ ಇರಲಿಲ್ಲ, ಅದು ಗೊತ್ತಿದ್ದದ್ದು ನನ್ನ ಕೊಂಬಿಗೆ, ಅಮ್ಮಣ್ಣಿಗೆ ಮಾತ್ರ. ಅವುಗಳ ಮೇಲಿದ್ದ ಇನ್ನೊಂದು ಕೈ ಸುತ್ತು ಮುಗಿಯುವವರೆಗೂ ಸಡಿಲಲಿಲ್ಲ. ಮಾತು ಬಂದಿದ್ದರೂ ನಾನು ಹೇಳುತ್ತಿರಲಿಲ್ಲ.