ಡಬ್ಬಿಗೆ ಹಾಕಿದ ಚೀಟಿ

ಬ್ಯಾಂಕಿನಿಂದ ಬಂದ ಹಾಳೆಯಲ್ಲಿ ಕಂಪ್ಯೂಟರ್ ಅಂಗಡಿಯ ಹೆಸರು ಕಂಡಾಗ ಲೆಕ್ಕದ ಮೇಡಂಗೆ ಮೊದಲು ನಗು ಬಂತು. ಲಿಫ್ಟ್ ರಿಪೇರಿ ಮಾಡುವ ಕಂಪನಿಗೆ ಲ್ಯಾಪ್‌ಟಾಪ್ ಯಾಕಪ್ಪಾ? ಆಮೇಲೆ ತಾರೀಕು ನೋಡಿದಳು. ಮಗಳ ಪರೀಕ್ಷೆಗೆ ಎರಡು ದಿನ ಮುಂಚೆ ಭಾವ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟದ್ದು ಅದೇ ದಿನ. ಕಂಪನಿಯ ಕ್ರೆಡಿಟ್ ಕಾರ್ಡು ಇರುತ್ತಿದ್ದದ್ದೂ ಭಾವನ ಜೇಬಿನಲ್ಲೇ.

ಭಾವ ಎಂದರೆ ಅವಳ ಗಂಡನ ಅಣ್ಣ, ಅದೇ ಕಂಪನಿಯ ಹಿರಿಯ ಮೆಕ್ಯಾನಿಕ್. ಎಲ್ಲರ ಬಾಯಲ್ಲೂ ಅವರು ‘ಲಿಫ್ಟ್ ಮೇಷ್ಟ್ರು’. ಮದುವೆಯ ಗೋಜಿಗೆ ಹೋಗದೆ ತಮ್ಮನ ಮನೆಯನ್ನೇ ತಮ್ಮದೆಂದುಕೊಂಡವರು. ಅವಳಿಗೆ ಈ ಕೆಲಸ ಕೊಡಿಸಿದ್ದೂ ಅವರೇ. ಗಂಡ ಬೆನ್ನುನೋವಿನಿಂದ ಹಾಸಿಗೆ ಹಿಡಿದ ಮೇಲೆ ಮನೆ ನಡೆಯುತ್ತಿದ್ದುದು ಈ ಎರಡು ಸಂಬಳದಲ್ಲಿ.

ಕಂಪನಿಯ ಯಜಮಾನರು ಆಗಲೇ ಹಾಳೆ ನೋಡಿಯಾಗಿತ್ತು. ಅವರಿಗೆ ಮೂಗಿನ ತುದಿಯಲ್ಲೇ ಕೋಪ. ಇಂದು ಅದು ಮುಖಕ್ಕೆಲ್ಲ ಹಬ್ಬಿತ್ತು.

“ನಿಮ್ಮ ಭಾವ ಅಂತ ಮುಖ ನೋಡಲ್ಲ ನಾನು. ಊಟದ ಹೊತ್ತಿಗೆ ತಪ್ಪೊಪ್ಪಿಗೆ ಬರೆಸ್ಕೊಂಡು ಬನ್ನಿ. ಇದ್ರಲ್ಲಿ ನಿಮ್ಮ ಕೈನೂ ಇದೆ ಅಂತ ಗೊತ್ತಾದ್ರೆ ಇಬ್ರನ್ನೂ ಮನೆಗೆ ಕಳಿಸ್ತೀನಿ. ಮನೆಗೇ ಯಾಕೆ, ಪೊಲೀಸರ ಹತ್ರನೂ ಕಳಿಸ್ತೀನಿ.”

ಅವಳು ಮೇಷ್ಟ್ರನ್ನು ತನ್ನ ಕೋಣೆಗೆ ಕರೆದು ಬಾಗಿಲು ಹಾಕಿದಳು. ಗ್ರೀಸ್ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಅವರು ನಿಂತೇ ಇದ್ದರು.

“ಭಾವ, ಏನ್ ಮಾಡ್ಬಿಟ್ರಿ ನೀವು?”

ಆಫೀಸಿನಲ್ಲಿ ಅವಳು ಮೇಡಂ, ಅವರು ಮೇಷ್ಟ್ರು ಎಂಬುದು ಇಬ್ಬರ ನಡುವಿನ ಕರಾರು. ಅದೀಗ ಗಾಳಿಗೆ ಹೋಯಿತು.

“ಲ್ಯಾಪ್‌ಟಾಪಿಂದಾ? ಚೀಟಿ ಹಾಕಿದ್ನಲ್ಲಮ್ಮ.”

“ಯಾವ ಚೀಟಿ?”

“ಡಬ್ಬಿಗೆ.”

ಹಿಂದೆ ಕಂಪನಿಯಲ್ಲೊಂದು ತಗಡಿನ ಡಬ್ಬಿ ಇತ್ತು. ಬಿಡಿಭಾಗ ಕೊಳ್ಳಲು ಅದರಲ್ಲಿ ಹಣ ಇಟ್ಟಿರುತ್ತಿದ್ದರು. ಯಾರಿಗಾದರೂ ಸ್ವಂತದ ಕಷ್ಟ ಬಂದರೂ ಅದರಿಂದಲೇ ತೆಗೆದುಕೊಂಡು ಚೀಟಿ ಬರೆದು ಹಾಕಬಹುದಿತ್ತು. ಆಮೇಲೆ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. ಕಾರ್ಡು ಬಂದ ಮೇಲೆ ಡಬ್ಬಿ ಕಪಾಟಿನ ಮೇಲೆ ಧೂಳು ತಿನ್ನುತ್ತಾ ಕೂತಿತ್ತು. ಡಬ್ಬಿಯ ಹಣವೇ ಈಗ ಕಾರ್ಡಿನೊಳಗೆ ಹೋಗಿದೆ, ಪದ್ಧತಿ ಮಾತ್ರ ಹಳೆಯದೇ ಎಂದು ಮೇಷ್ಟ್ರು ತಿಳಿದಿದ್ದರು. ಹಾಗಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವಳು ಅವಳೇ.

ಸ್ಟೂಲು ಹತ್ತಿ ಡಬ್ಬಿ ಇಳಿಸಿದಳು. ಒಳಗೆ ಒಂದೇ ಚೀಟಿ. ‘ತಮ್ಮನ ಮಗಳಿಗೆ ಲ್ಯಾಪ್‌ಟಾಪ್. ಐದು ತಿಂಗಳಲ್ಲಿ ಮುರಿದುಕೊಳ್ಳುವುದು.’ ಕೆಳಗೆ ತಾರೀಕು, ಸಹಿ.

ಬದುಕಿದೆವು ಎನ್ನಿಸಿತು. ಅರೆಗಳಿಗೆಯಷ್ಟೇ. ಲ್ಯಾಪ್‌ಟಾಪ್ ಇರುವುದು ಅವಳ ಮನೆಯಲ್ಲಿ, ಡಬ್ಬಿ ಇರುವುದು ಅವಳ ಕೋಣೆಯಲ್ಲಿ. ಈ ಚೀಟಿಯನ್ನು ಇಬ್ಬರೂ ಕೂತು ಈಗ ತಾನೇ ಬರೆದಿರಿ ಎನ್ನಲು ಯಜಮಾನರಿಗೆ ಎಷ್ಟು ಹೊತ್ತು?

“ನಿನ್ನ ಹೆಸರೂ ಬರುತ್ತಾ?” ಮೇಷ್ಟ್ರು ಕೇಳಿದರು.

“ಬರುತ್ತೆ ಭಾವ. ಇಬ್ರ ಕೆಲಸಾನೂ ಹೋಗುತ್ತೆ. ಇವರ ಔಷಧಿ, ಮಗಳ ಕಾಲೇಜು… ನನಗೆ ದಿಕ್ಕೇ ತೋಚ್ತಿಲ್ಲ.” ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಹೊರಗೆ ಕೇಳಿಸಬಾರದಲ್ಲ, ಅಳುವುದಕ್ಕೂ ಅಂಜಿಕೆ.

ಮೇಷ್ಟ್ರು ಚೀಟಿಯನ್ನು ಅವಳ ಕೈಯಿಂದ ತೆಗೆದುಕೊಂಡು ಹರಿದರು, ಚೂರುಗಳನ್ನು ಜೇಬಿಗೆ ಹಾಕಿಕೊಂಡರು.

“ಬರ್ಕೋ. ಲ್ಯಾಪ್‌ಟಾಪ್ ತಗೊಂಡೆ, ಮಾರಿದೆ, ದುಡ್ಡೆಲ್ಲಾ ಕುಡಿದು ಹಾಳು ಮಾಡ್ದೆ ಅಂತ ಬರಿ. ಸಹಿ ಹಾಕ್ತೀನಿ.”

“ಭಾವ, ನೀವು ಮುಟ್ಟೋದೂ ಇಲ್ವಲ್ಲ!”

“ಇಷ್ಟು ವರ್ಷ ಕುಡೀದೆ ಇದ್ದವನು ಒಂದು ದಿನದ ಮಟ್ಟಿಗೆ ಕುಡುಕ ಆದ್ರೆ ಏನು ಗಂಟು ಹೋಗುತ್ತೆ? ಬೇಗ ಬರಿ.”

ಬೇಡ ಎನ್ನಬೇಕಿತ್ತು ಅವಳು. ಪೆನ್ನು ಬಿಸಾಕಿ, ಯಜಮಾನರ ಕೋಣೆಗೆ ನುಗ್ಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಿತ್ತು. ಹೊರಗೆ ನಿಂತು ಹೇಳುವವರಿಗೆ ಇದೆಲ್ಲ ಸಲೀಸು. ಅವಳು ಬರೆದಳು. ‘ಕುಡಿತ’ ಎಂಬಲ್ಲಿ ಅಕ್ಷರ ಕೆಟ್ಟಿತು. ಹೊಡೆದುಹಾಕಿ ಮತ್ತೊಮ್ಮೆ ದುಂಡಗೆ ಬರೆದಳು. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಭಾವನನ್ನು ಬಾಗಿಲಲ್ಲೇ ನಿಲ್ಲಿಸಿ ಯಜಮಾನರು ಪತ್ರವನ್ನು ಎರಡು ಸಲ ಓದಿದರು. ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದವಳ ಎದುರು ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇಪ್ಪತ್ತಾರು ವರ್ಷದಲ್ಲಿ ಒಂದು ದಿನ ಈ ಮನುಷ್ಯನ ಹತ್ರ ವಾಸನೆ ಬಂದಿಲ್ಲ. ನಂಬೋಕೆ ಆಗ್ತಿಲ್ಲ ನಂಗೆ. ಕಷ್ಟ ಅಂತ ತಗೊಂಡಿದ್ರೆ ಹೇಳಿ, ಸಂಬಳದಲ್ಲಿ ಮುರ್ಕೊಂಡು ಬಿಟ್ಬಿಡ್ತೀನಿ. ಒಂದೇ ಮನೇಲಿರೋರು ನೀವು. ನಿಜವಾಗ್ಲೂ ಕುಡೀತಾರಾ?”

ಇದು ದಯೆಯೋ, ಬಾಯಿ ಬಿಡಿಸುವ ಉಪಾಯವೋ? ಅವಳಿಗೆ ತಿಳಿಯಲಿಲ್ಲ.

“ಕುಡೀತಾರೆ ಸರ್,” ಎಂದಳು. “ಮನೇಲಿ ನಮಗೂ ಸಾಕಾಗಿ ಹೋಗಿದೆ.”

ಬಾಗಿಲಲ್ಲಿ ನಿಂತಿದ್ದ ಭಾವ ಹೌದು ಹೌದು ಎಂದು ತಲೆಯಾಡಿಸಿದರು.