ನಾಳೆಯಪ್ಪನ ಮನೆಯ ಮುಯ್ಯಿ

ಸುಗ್ಗಿ ಮುಗಿದಿತ್ತು. ಬಿಸಿಲೇರುವವರೆಗೂ ಹುಲ್ಲಿನ ಮೇಲಿನ ಇಬ್ಬನಿ ಆರದ ದಿನಗಳು. ಹೊಲದಲ್ಲಿ ಕೆಲಸವಿಲ್ಲದೆ ಊರವರ ಕೈಗಳು ಸುಮ್ಮನೆ ತುರಿಸುತ್ತಿದ್ದವು. ಅಂಥದೊಂದು ಬೆಳಗ್ಗೆ ಹಾಲಿನಕ್ಕ ಉಟ್ಟಿದ್ದನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು ನಾಳೆಯಪ್ಪನ ಹಿತ್ತಿಲಿನಲ್ಲಿ ಮಣ್ಣು ತುಳಿಯುತ್ತಿದ್ದಳು. ರಾತ್ರಿಯಿಡೀ ನೆನೆದ ಮಣ್ಣು ಹಿಮದ ಹಾಗೆ ಕೊರೆಯುತ್ತಿತ್ತು. ಅದರ ಮೇಲೆ ಕತ್ತರಿಸಿದ ಹುಲ್ಲನ್ನು ಉದುರಿಸುತ್ತ, ಹಿಮ್ಮಡಿಯಿಂದ ಒತ್ತುತ್ತ ಅವಳು ಮಣ್ಣಿನ ಗುಂಡಿಯೊಳಗೆ ಸುತ್ತು ಹಾಕುತ್ತಿದ್ದಳು. ಒಂದೊಂದು ಹೆಜ್ಜೆಯನ್ನೂ ನಾಳೆಯಪ್ಪನ ಬೆನ್ನಿನ ಮೇಲೆ ಇಡುತ್ತಿದ್ದೇನೆ ಅಂದುಕೊಂಡರೆ ಚಳಿ ಅಷ್ಟಾಗಿ ತಾಗುತ್ತಿರಲಿಲ್ಲ.

ಹಿಂದಿನ ಮಳೆಗಾಲದಲ್ಲಿ ಆ ಮನೆಯ ಹಿಂಗೋಡೆ ಕೂತುಹೋಗಿತ್ತು. ಕುಸಿಯಿತು ಅನ್ನುವುದಕ್ಕಿಂತ ಕೂತುಹೋಯಿತು ಅನ್ನುವುದೇ ಸರಿ. ಯಜಮಾನನನ್ನು ನೋಡಿ ನೋಡಿ ಗೋಡೆಗೂ ಅದೇ ಚಾಳಿ ಬಂದಿರಬೇಕು ಎಂದು ಹಾಲಿನಕ್ಕ ಆಗಲೇ ನಾಲ್ಕು ಜನರ ಮುಂದೆ ಆಡಿದ್ದಳು. ಗೋಡೆ ಇದ್ದ ಜಾಗಕ್ಕೆ ಅವನೊಂದು ಟಾರ್ಪಾಲು ಕಟ್ಟಿದ. ಗೋಡೆ ಯಾವಾಗ ಎಂದು ಕೇಳಿದವರಿಗೆಲ್ಲ ನಾಳೆ ಎಂದ. ನಾಳೆಯಪ್ಪ ಎಂಬ ಹೆಸರು ಅವನಿಗೆ ಅಂಟಿಕೊಂಡಿದ್ದು ಈ ಗೋಡೆಯಿಂದಲ್ಲ, ಮದುವೆಗೂ ಮುಂಚಿನಿಂದ. ಟಾರ್ಪಾಲಿನ ಹಿಂದೆ ಅಡುಗೆ, ಟಾರ್ಪಾಲಿನ ಮುಂದೆ ಮಲಗುವುದು. ಮೂವರು ಹೆಣ್ಣುಮಕ್ಕಳು ಸರದಿಯಲ್ಲಿ ಕೆಮ್ಮುತ್ತಿದ್ದರು. ಕಡೆಗೆ ಮೇಷ್ಟ್ರು ಶಾಲೆಯಲ್ಲಿ ಊರ ಸಂಘದ ಸಭೆ ಕರೆದು, "ನಾವೇ ಮಾಡೋಣ. ಸೇವೆ ಅಂದ್ಕೊಂಡು ಮಾಡೋಣ" ಎಂದರು.

ಸೇವೆಗೆ ಕೂಡಿದ ದುಡ್ಡಿಗೆ ಬಂದದ್ದು ಒಂದು ಮೂಟೆ ಸಿಮೆಂಟು, ಒಂದು ಡಬ್ಬ ಮೊಳೆ. ಮಿಕ್ಕಿದ್ದೆಲ್ಲ ಬೇಡಿ ತಂದದ್ದು. ಶಾಲೆಯ ಹಳೆಯ ಸೈಕಲ್ ಶೆಡ್ಡಿನ ತಗಡುಗಳು ಬಂದವು, ಮೊಳೆ ಹೊಡೆದ ತೂತುಗಳ ಸಮೇತ. ಯಾರದೋ ಮನೆಯಲ್ಲಿ ಮಿಕ್ಕಿದ ಬಣ್ಣ ಬಂತು. ಅರ್ಧ ಡಬ್ಬ ಹಸಿರು, ಕಾಲು ಡಬ್ಬ ಗುಲಾಬಿ. ಮುಚ್ಚಿಹೋದ ದವಾಖಾನೆಯಿಂದ ಒಂದು ಬಾಗಿಲು ಬಂತು. ಅದರ ಮೇಲೆ 'ನಿಮ್ಮ ಸರದಿ ಬರುವವರೆಗೆ ಹೊರಗೆ ಕಾಯಿರಿ' ಎಂದು ಬರೆದಿತ್ತು. ಅಳಿಸಲು ಹೊರಟ ಬಡಗಿಯನ್ನು ನಾಳೆಯಪ್ಪನೇ ತಡೆದ.

"ಇರ್ಲಿ ಬಿಡಪ್ಪ. ಸಾಲಗಾರರು ಬಂದ್ರೆ ಓದ್ಕೊಳ್ಳಲಿ."

ಎಲ್ಲರೂ ನಕ್ಕರು. ಹಾಲಿನಕ್ಕ ನಗಲಿಲ್ಲ. ಇವನಿಗೆ ಮಾತು ಬರುತ್ತದೆ ಅನ್ನುವುದೇ ಅವಳ ಹೊಟ್ಟೆಯುರಿಗೆ ಕಾರಣವಾಗಿತ್ತು.

ಅವಳು ಸೇವೆಗೆ ಬಂದವಳಲ್ಲ. ಮುಯ್ಯಿ ತೀರಿಸಲು ಬಂದವಳು. ನನ್ನ ಮನೆಗೆ ನೀನು ಒಂದು ದಿನ ದುಡಿದರೆ ನಿನ್ನ ಮನೆಗೆ ನಾನು ಒಂದು ದಿನ ದುಡಿಯಬೇಕು. ಆ ಊರಲ್ಲಿ ಅಂಥ ದಿನವನ್ನು ಕಾಸು ಕೊಟ್ಟು ತೀರಿಸುವ ಹಾಗಿಲ್ಲ, ಮೈ ಬಗ್ಗಿಸಿಯೇ ತೀರಿಸಬೇಕು. ವರ್ಷಗಳ ಹಿಂದೆ ಅವಳ ಕೊಟ್ಟಿಗೆ ಸುಟ್ಟುಹೋದಾಗ, ಅವಳೂ ಗಂಡನೂ ಸುಟ್ಟ ಕೈಗಳಿಗೆ ಪಟ್ಟಿ ಕಟ್ಟಿಸಿಕೊಂಡು ಪೇಟೆಯ ಆಸ್ಪತ್ರೆಯಲ್ಲಿದ್ದಾಗ, ಊರವರು ಮನೆಗೊಬ್ಬರಂತೆ ಬಂದು ಹೊಸ ಕೊಟ್ಟಿಗೆ ಎಬ್ಬಿಸಿದ್ದರು. ಅವಳು ಒಬ್ಬೊಬ್ಬರದನ್ನೂ ತೀರಿಸಿದಳು. ಒಬ್ಬರ ಬಾವಿ ತೋಡಲು ಹೋದಳು, ಇನ್ನೊಬ್ಬರ ಕಳೆ ಕೀಳಲು ಹೋದಳು, ಬಡಗಿಯ ಮನೆಗೆ ಹಂಚು ಹೊದಿಸಲು ಹೋದಳು. ಉಳಿದದ್ದು ಇವನೊಬ್ಬನದು. ಬಾವಿ ತೋಡದವನ, ಬೇಲಿ ಕಟ್ಟದವನ, ಬಿತ್ತದವನ ಮುಯ್ಯಿಯನ್ನು ತೀರಿಸುವುದು ಹೇಗೆ? ಯಾವ ಕೆಲಸಕ್ಕೂ ಕೈಹಾಕದೆ ಅವನು ಅವಳನ್ನು ಋಣದಲ್ಲೇ ಇಟ್ಟಿದ್ದ.

ಇಟ್ಟು ಸುಮ್ಮನಿದ್ದನೇ? ಟೀ ಅಂಗಡಿಯಲ್ಲಿ ಅವಳು ಹಾಲು ಅಳೆದು ಕೊಡುವಾಗ ಹೋದ ಬಂದವರಿಗೆಲ್ಲ, "ಈ ಅಕ್ಕನ ಕೊಟ್ಟಿಗೆ ಗೋಡೆ ಇದೆಯಲ್ಲ, ನಾನು ಕಟ್ಟಿದ್ದು. ಬೇಕಾದ್ರೆ ಕೇಳಿ" ಎನ್ನುತ್ತಿದ್ದ. ಅವಳು ಹೌದು ಎನ್ನಬೇಕಾಗುತ್ತಿತ್ತು. ಊರಿನಲ್ಲಿ ಯಾರಿಗೂ ತಲೆ ತಗ್ಗಿಸದ ಹೆಂಗಸು, ಹಗಲೆಲ್ಲ ಬೆಂಚು ಬಿಸಿ ಮಾಡುವವನೊಬ್ಬನ ಎದುರು ಹೌದಪ್ಪ ಎಂದು ತಲೆಯಾಡಿಸಿ ಬರಬೇಕಾಗುತ್ತಿತ್ತು. ಗಂಟಲಲ್ಲಿ ಸಿಕ್ಕಿಕೊಂಡ ಆ ಮುಳ್ಳನ್ನು ಇವತ್ತು ಕಿತ್ತು ಅವನದೇ ಅಂಗಳದಲ್ಲಿ ಉಗುಳಿ ಹೋಗಬೇಕೆಂದು ಅವಳು ಬಂದಿದ್ದಳು. ಅವನ ಮನೆಯ ಒಂದು ತುತ್ತೂ ಲೆಕ್ಕಕ್ಕೆ ಸೇರಬಾರದೆಂದು ತನ್ನ ಬುತ್ತಿಯ ಜೊತೆ ಕುಡಿಯುವ ನೀರನ್ನೂ ಹೊತ್ತು ತಂದಿದ್ದಳು.

ನಾಳೆಯಪ್ಪ ಬಕೆಟ್ಟೊಂದನ್ನು ಬೋರಲು ಹಾಕಿಕೊಂಡು ಕೂತಿದ್ದ. ಸೊಂಟ ಹಿಡಿದಿದೆಯಂತೆ.

"ಎಡಗಡೆ ಗಟ್ಟಿ ತುಳೀರಿ ಅಕ್ಕ, ಹೆಂಟೆ ಇದೆ."

"ನೀನೇ ಬಂದು ತುಳಿಯೋ ಹಂಗಿದ್ರೆ ನೋಡು."

"ಬರ್ತಿದ್ದೆ. ಈ ಸೊಂಟ ಒಂದು ಬಿಡ್ಬೇಕಲ್ಲ."

"ಸೊಂಟ ಇವತ್ತು ಹಿಡೀತೋ, ಹುಟ್ಟಿದಾಗ್ಲೇ ಹಿಡೀತೋ?"

"ನಿಮ್ಮ ಕೊಟ್ಟಿಗೆ ಕಟ್ಟಿದಾಗ ಹಿಡೀತು ನೋಡಿ. ಅವತ್ತಿಂದ ಹಿಂಗೇ."

ಬಡಗಿ ಬಾಯಿಗೆ ಕೈ ಅಡ್ಡ ಹಿಡಿದು ಆಚೆ ತಿರುಗಿದ. ಹಾಲಿನಕ್ಕ ಹಲ್ಲು ಕಚ್ಚಿ ಎಡಗಡೆಯ ಹೆಂಟೆಯನ್ನು ತುಳಿದಳು. ನಿಜಕ್ಕೂ ಹೆಂಟೆಯಿತ್ತು.

ಉಳಿದವರೂ ಅವಳ ಕಣ್ಣಿಗೆ ದೊಡ್ಡವರಾಗಿ ಕಾಣಲಿಲ್ಲ. ಮೇಷ್ಟ್ರು ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡು, ಬೆಳಗಿನಿಂದ ಅದನ್ನು ತೆಗೆಯದೆ, ಕಟ್ಟುವವರ ಹಿಂದೆ ಕೈಕಟ್ಟಿ ಓಡಾಡುತ್ತಿದ್ದರು. ಬಡಗಿ ಮೂರು ಮೊಳೆ ಹೊಡೆದು ಒಂದು ಬೀಡಿ ಸೇದುತ್ತಿದ್ದ. ಇನ್ನು ನಾಳೆಯಪ್ಪನ ಹೆಂಡತಿ. ಅವಳ ಮೇಲೆ ಹಾಲಿನಕ್ಕನಿಗಿದ್ದದ್ದು ಗಂಡನ ಮೇಲಿದ್ದದ್ದಕ್ಕಿಂತ ತಣ್ಣಗಿನ ತಾತ್ಸಾರ. ಮೂಲೆಗೆ ಒರಗಿಸಿಟ್ಟ ಪೊರಕೆಯಂಥವಳು. ಅವನು ಆಡಿದರೆ ಎದುರಾಡುವುದಿಲ್ಲ, ಕೂತರೆ ಎಬ್ಬಿಸುವುದಿಲ್ಲ. ತಾನಾಗಿದ್ದರೆ ಆ ಬಕೆಟ್ಟಿಗೆ ಯಾವತ್ತೋ ಒದೆಯುತ್ತಿದ್ದೆ, ಇವಳು ಅದನ್ನು ತೊಳೆದು ಅವನ ಕುಂಡಿಯ ಕೆಳಗೆ ಇಡುವವಳು ಎಂದುಕೊಂಡಳು. ಕಲಸಿದ ಮಣ್ಣಿನ ಬುಟ್ಟಿ ಎತ್ತಿಕೊಡುವಾಗಲೂ ಹಾಲಿನಕ್ಕ ಅವಳ ಮುಖ ನೋಡಲಿಲ್ಲ.

ಮಧ್ಯಾಹ್ನ ಆ ಹೆಂಡತಿ ಎಲ್ಲರಿಗೂ ಟೀ ತಂದಳು.

"ನನಗೆ ಬೇಡ" ಎಂದಳು ಹಾಲಿನಕ್ಕ.

"ಒಂಚೂರು ಕುಡೀರಿ ಅಕ್ಕ. ಹಾಲು ನಿಮ್ಮದೇ."

"ಹಾಲು ನಂದು. ಸಕ್ಕರೆ ನಿಂದಲ್ವಾ?"

ಹೆಂಡತಿ ಲೋಟವನ್ನು ಅಲ್ಲೇ ಕಲ್ಲಿನ ಮೇಲಿಟ್ಟು ಹೋದಳು. ಸ್ವಲ್ಪ ಹೊತ್ತಿಗೆ ಅದನ್ನೂ ನಾಳೆಯಪ್ಪನೇ ಕುಡಿದ.

ಇಳಿಹೊತ್ತಿಗೆ ಗೋಡೆ ಆಳೆತ್ತರಕ್ಕೆ ಬಂತು. ತಗಡು ಕೂತಿತು, ತೂತುಗಳಿಗೆ ಡಾಂಬರು ಬಿತ್ತು. ಜನ ಕೈಕಾಲು ತೊಳೆಯತೊಡಗಿದರು. ಇನ್ನು ತಡ ಮಾಡಬಾರದೆಂದು ಹಾಲಿನಕ್ಕ ಮೊಣಕಾಲಿನವರೆಗಿನ ಮಣ್ಣಿನ ಸಮೇತ ಅಂಗಳದ ನಡುವೆ ಬಂದು ನಿಂತಳು.

"ಮೇಷ್ಟ್ರೇ, ಎಲ್ಲರೂ ಇದ್ದೀರಿ, ಕೇಳಿ. ಇವನ ಮನೆಗೆ ನಾನೊಂದು ದಿನದ ಬಾಕಿ ಇದ್ದೆ. ಇವತ್ತು ಹೊತ್ತು ಹುಟ್ಟಿದಾಗಿಂದ ದುಡಿದಿದ್ದೀನಿ. ತೀರಿತು ಅಂತ ಅವನ ಬಾಯಲ್ಲಿ ಹೇಳಿಸಿ."

ನಾಳೆಯಪ್ಪ ಬಕೆಟ್ಟಿನ ಮೇಲೆ ಕಾಲು ಬದಲಿಸಿ ಕೂತ. ಇಡೀ ದಿನದಲ್ಲಿ ಅವನು ಆಸ್ಥೆಯಿಂದ ಮಾಡಿದ ಕೆಲಸ ಅದೊಂದೇ.

"ಅದು ಹೆಂಗಾಗತ್ತೆ ಅಕ್ಕ? ಇದು ಸಂಘದ ಕೆಲಸ. ನೀವು ಸಂಘದವರಾಗಿ ಬಂದ್ರಿ. ನಾನು ಕರೆದ್ನಾ?"

"ಕೆಲಸ ಯಾರ ಮನೇಲಿ ನಡೀತು?"

"ನಮ್ಮ ಮನೇಲೇ. ಆದ್ರೆ ಬಡಗಿಯಣ್ಣನೂ ಮಾಡಿದ, ಮೇಷ್ಟ್ರೂ ಮಾಡಿದ್ರು. ಅವರೇನು ನನಗೆ ಬಾಕಿನಾ? ಅವರದು ಸೇವೆ, ನಿಮ್ಮದು ಮಾತ್ರ ಮುಯ್ಯಿ ಹೆಂಗೆ? ಮೇಷ್ಟ್ರನ್ನೇ ಕೇಳಿ."

ಮೇಷ್ಟ್ರು ಕಿವಿಯ ಮೇಲಿನ ಪೆನ್ಸಿಲನ್ನು ಕಡೆಗೂ ಕೈಗೆ ತೆಗೆದುಕೊಂಡರು. "ನೋಡಮ್ಮಾ, ಅವನು ಹೇಳೋದ್ರಲ್ಲಿ ನ್ಯಾಯ ಇದೆ. ಸೇವೆ ಅಂತ ಬಂದ ಮೇಲೆ ಅದನ್ನ ಲೆಕ್ಕಕ್ಕೆ ಹಿಡೀಬಾರ್ದು. ಹಿಡಿದ್ರೆ ಎಲ್ಲರ ಸೇವೆಗೂ ಮಸಿ ಬಳಿದ ಹಾಗೆ."

"ನನ್ನ ಕಾಲು ಮಣ್ಣಲ್ಲಿ ಮರಗಟ್ಟಿದೆ ಮೇಷ್ಟ್ರೇ. ಅದಕ್ಕೆ ಸೇವೆ ಯಾವುದು, ಮುಯ್ಯಿ ಯಾವುದು ಗೊತ್ತಾಗತ್ತಾ?"

"ತತ್ವದ ಮಾತು ಹೇಳಿದೆನಮ್ಮಾ."

ತತ್ವವಂತೆ. ಇಡೀ ದಿನ ಒಂದು ಬುಟ್ಟಿ ಮಣ್ಣು ಎತ್ತದವರ ತತ್ವ. ಹಾಲಿನಕ್ಕನಿಗೆ ಇಬ್ಬರನ್ನೂ ಅದೇ ಗುಂಡಿಯಲ್ಲಿ ಹಾಕಿ ಹುಲ್ಲು ಉದುರಿಸಿ ತುಳಿಯಬೇಕೆನ್ನಿಸಿತು. ಆಡಿದರೆ ಮಾತು ಕೆಟ್ಟದಾಗಿ ಬರುತ್ತದೆಂದು, ಗೋಡೆಯ ಪಕ್ಕ ಬಿಟ್ಟಿದ್ದ ಬುತ್ತಿಯ ಡಬ್ಬಿ ತರಲು ಅಡುಗೆ ಮೂಲೆಗೆ ನುಗ್ಗಿದಳು.

ಅಲ್ಲಿ ಹೆಂಡತಿ ಒಬ್ಬಳೇ ಇದ್ದಳು. ಗಂಡಸರು ಬಿಟ್ಟುಹೋದ ಹಸಿ ಗೋಡೆಯಲ್ಲಿ, ಒಲೆಯ ಪಕ್ಕಕ್ಕೆ, ಗೂಡೊಂದನ್ನು ಕೊರೆಯುತ್ತಿದ್ದಳು. ಬೆರಳಿನಿಂದ ಮಣ್ಣು ತೆಗೆದು, ಆಮೇಲೆ ಮೊಣಕೈಯನ್ನು ನೀರಿಗೆ ಅದ್ದಿ ಒಳಕ್ಕೆ ಇಟ್ಟು, ಇಡೀ ಮೈಯನ್ನೇ ತಿರುಗಿಸಿ ಉಜ್ಜುತ್ತಿದ್ದಳು. ಗೂಡಿನ ಒಳಮೈ ಬಟ್ಟಲಿನ ಹಾಗೆ ದುಂಡಗಾಗಿ ಹೊಳೆಯುತ್ತಿತ್ತು. ಕೆಳಗಿನ ಅಂಚಿಗೆ, ಇಟ್ಟದ್ದು ಜಾರದಿರಲೆಂದು, ಹೆಬ್ಬೆರಳಲ್ಲಿ ಸಣ್ಣ ತುಟಿಯೊಂದನ್ನು ಎಬ್ಬಿಸಿದಳು.

ಹಾಲಿನಕ್ಕ ಡಬ್ಬಿಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಆ ತುಟಿ ಅವಳಿಗೆ ಗೊತ್ತಿತ್ತು. ಕೊಟ್ಟಿಗೆಯಲ್ಲಿ, ಕರು ಕಟ್ಟುವ ಗೂಟದ ಮೇಲೆ, ಇಂಥದೇ ಗೂಡಿತ್ತು. ಕತ್ತಲಲ್ಲಿ ಹಾಲು ಕರೆಯಲು ಕೂತಾಗ ಕೆಚ್ಚಲಿಗೆ ಸವರುವ ಎಣ್ಣೆಯ ಬಟ್ಟಲನ್ನು ನೋಡದೆಯೇ ಅದರೊಳಗೆ ಇಡುತ್ತಿದ್ದಳು. ಊರಲ್ಲಿ ಬೇರೆ ಯಾರ ಗೋಡೆಯಲ್ಲೂ ಅಂಥದನ್ನು ಅವಳು ಕಂಡಿರಲಿಲ್ಲ.

"ಇದನ್ನ ಯಾರು ಕಲಿಸಿದ್ರು ನಿಂಗೆ?"

"ನಮ್ಮಮ್ಮ. ನಮ್ಮ ತವರಲ್ಲಿ ಹಿಂಗೇ ಮಾಡೋದು."

"ನಮ್ಮ ಕೊಟ್ಟಿಗೇಲೂ ಒಂದಿದೆ."

ಹೆಂಡತಿ ಮೊಣಕೈ ತೆಗೆಯಲಿಲ್ಲ. "ಹೂಂ, ಗೊತ್ತು."

"ನೀನಾ?"

"ಇವರು ನಿಮ್ಮ ಗೇಟಿನವರೆಗೂ ಬಂದ್ರು. ಆಮೇಲೆ ಸೊಂಟ ಹಿಡೀತು ಅಂತ ಗಾಡಿ ಕೆಳಗೆ ನೆರಳಲ್ಲಿ ಮಲಗಿದ್ರು. ಮನೆಗೊಬ್ಬರು ಅಂತ ಲೆಕ್ಕ ಇತ್ತಲ್ಲ, ನಾನು ಮಾಡ್ದೆ. ನಮ್ಮ ಪಾಲಿಗೆ ಬಂದಿದ್ದು ಹಿಂಗೋಡೆ, ಆ ಕಡೆ ಯಾರೂ ಬಂದು ನೋಡ್ಲಿಲ್ಲ. ದೊಡ್ಡವಳು ಆಗ ಸೊಂಟದ ಮೇಲಿದ್ಲು."

ಹಾಲಿನಕ್ಕನ ಒಳಗೆ ಏನೋ ಒಂದು ಕುಣಿದೆದ್ದಿತು. ಇಷ್ಟು ವರ್ಷ ಟೀ ಅಂಗಡಿಯಲ್ಲಿ ತಲೆಯಾಡಿಸಿದ್ದೆಲ್ಲ ಈ ಸೋಮಾರಿಯ ಸುಳ್ಳಿಗೆ! ಜನ ಇನ್ನೂ ಅಂಗಳದಲ್ಲೇ ಇದ್ದಾರೆ. ಒಂದೇ ಒಂದು ಮಾತು ಸಾಕು, ಅವನ ಬಕೆಟ್ಟು ಅಲ್ಲೇ ಮಗುಚುತ್ತದೆ. ಅವಳು ಹೊರಗೆ ಹೊರಟಳು.

"ಅಕ್ಕ." ಮಣ್ಣು ಮೆತ್ತಿದ ಕೈಯೊಂದು ಅವಳ ತೋಳು ಹಿಡಿಯಿತು. "ಹೇಳ್ಬೇಡಿ."

"ಯಾಕೆ? ಅವನ ಮಾನ ಹೋಗತ್ತೆ ಅಂತಾನಾ? ಇದ್ದರಲ್ವೇನೇ ಹೋಗೋದು!"

"ಹೋದ್ರೆ ಹೋಗಲಿ. ನೀವು ಹೇಳಿ ಹಾಲು ಹಾಕೋಕೆ ಹೋಗ್ತೀರಿ. ಸಂಜೆ ಅವರ ಜೊತೆ ಈ ಮನೇಲಿ ಇರೋಳು ನಾನು."

ಹಾಲಿನಕ್ಕ ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟಳು. ತೋಳಿನ ಮೇಲಿನ ಮಣ್ಣನ್ನು ಉಜ್ಜಿಕೊಂಡಳು.

"ಸರಿ. ಹಂಗಾದ್ರೆ ಬಾಕಿ ಅವನದ್ದಲ್ಲ, ನಿಂದು. ನೀನೇ ಹೇಳು. ಇವತ್ತು ದುಡಿದಿದ್ದೀನಿ, ತೀರಿತು ಅನ್ನು."

ಹೆಂಡತಿ ಗೂಡಿನ ತುಟಿಯನ್ನು ಇನ್ನೊಮ್ಮೆ ಒದ್ದೆ ಬೆರಳಲ್ಲಿ ಸವರಿದಳು.

"ತೀರಲಿಲ್ಲ ಅಕ್ಕ."

"ಏನಂದೆ?"

"ಇವತ್ತಿಂದು ಸಂಘದ ಕೆಲಸ. ಇವರು ಹೇಳಿದ್ದು ಸರಿಯೇ. ನಾನು ನಿಮ್ಮನ್ನ ಕರೆದಿರಲಿಲ್ಲ."

"ನೀನೂ ಅವನ ಪಾಠವನ್ನೇ ಒಪ್ಪಿಸ್ತೀಯಾ?"

"ಅಲ್ಲ ಅಕ್ಕ. ಈ ಊರಲ್ಲಿ ನಾನು ಕರೆದ್ರೆ ಬರಲೇಬೇಕಾದವರು ಅಂತ ಇರೋದು ನೀವೊಬ್ಬರೇ. ಅದನ್ನ ಒಂದು ಗೋಡೆಗೆ ಖರ್ಚು ಮಾಡ್ಲಾ? ಅದೂ ಸಂಘದವರು ಹೆಂಗೂ ಕಟ್ಟಿಕೊಡೋ ಗೋಡೆಗೆ?"

"ಮತ್ತೆ ಯಾವಾಗ ಕರೀತೀಯ? ಯಾವ ಕೆಲಸಕ್ಕೆ?"

"ಗೊತ್ತಿಲ್ಲ. ಮೂರು ಹೆಣ್ಣುಮಕ್ಕಳಿದ್ದಾರೆ. ಯಾವತ್ತಾದ್ರೂ ಬೇಕಾಗತ್ತೆ."

ಹಾಲಿನಕ್ಕ ಮೊದಲ ಸಲ ಅವಳನ್ನು ಕಣ್ಣಿಟ್ಟು ನೋಡಿದಳು. ಕೆನ್ನೆಯ ಮೇಲೆ ಮಣ್ಣು, ಮೊಣಕೈಯಲ್ಲಿ ತರಚಿದ ಗಾಯ, ಮುಖದಲ್ಲಿ ಬೇಡುವ ಕಳೆ ಒಂದಿಷ್ಟೂ ಇಲ್ಲ. ಇವಳನ್ನೇ ಪೊರಕೆ ಎಂದುಕೊಂಡಿದ್ದೆನಲ್ಲ ಎಂದು ಅನ್ನಿಸಿದರೂ ಅದರಿಂದ ಪ್ರೀತಿಯೇನೂ ಉಕ್ಕಲಿಲ್ಲ. ಸಿಟ್ಟೇ ಬಂತು. ತನ್ನನ್ನು ಇಷ್ಟು ವರ್ಷ ಸದ್ದಿಲ್ಲದೆ ಗಂಟು ಕಟ್ಟಿ ಇಟ್ಟುಕೊಂಡಿದ್ದಾಳಲ್ಲ, ಕಳ್ಳಿ! ಅವನಿಗೆ ಋಣಿಯಾಗಿದ್ದಾಗ ಕನಿಷ್ಠ ಉಗಿಯಬಹುದಿತ್ತು.

"ಪಕ್ಕಾ ವ್ಯಾಪಾರಿ ನೀನು" ಎಂದಳು.

"ಆಗ್ಲಿ ಅಕ್ಕ."

ಹಾಲಿನಕ್ಕ ಡಬ್ಬಿ ಎತ್ತಿಕೊಂಡು ಹೊರಗೆ ಬಂದು, ಕಾಲಿಗೆ ನೀರು ಸುರಿದುಕೊಂಡಳು. ಮಣ್ಣು ಉಗುರಿನ ಸಂದಿಯಲ್ಲಿ ಹಾಗೇ ಉಳಿಯಿತು. ಮೇಷ್ಟ್ರು ಸೇವೆಯ ಬಗ್ಗೆ ಬಡಗಿಗೆ ಏನೋ ಹೇಳುತ್ತಿದ್ದರು, ಬಡಗಿ ಬೀಡಿಗೆ ಬೆಂಕಿ ಹುಡುಕುತ್ತಿದ್ದ. ನಾಳೆಯಪ್ಪ ಕೂತಲ್ಲಿಂದಲೇ ಕೂಗಿದ.

"ಬೇಜಾರು ಮಾಡ್ಕೋಬೇಡಿ ಅಕ್ಕ! ನನ್ನ ಮುಯ್ಯಿ ಹಂಗೇ ಇದೆ, ನೆನಪಿರ್ಲಿ."

ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಉಗುಳಿದ್ದರೆ ಅವನು ಮತ್ತೆ ಆ ಟೀ ಅಂಗಡಿಯ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಅವಳು ಅದನ್ನು ನುಂಗಿದಳು. ಅಷ್ಟು ಕಹಿಯಾದದ್ದನ್ನು ಅವಳು ಯಾವತ್ತೂ ನುಂಗಿರಲಿಲ್ಲ.

"ಇದೆಯಪ್ಪ" ಎಂದಳು. "ಚೆನ್ನಾಗಿ ನೆನಪಿದೆ."

ಅವನು ಗೆದ್ದವನಂತೆ ಸುತ್ತಲಿನವರನ್ನು ನೋಡಿ ನಕ್ಕ. ಹಾಲಿನಕ್ಕ ಹಾಲು ಕರೆಯುವ ಹೊತ್ತಾಯಿತೆಂದು ಬಿರುಸಾಗಿ ನಡೆದಳು.